ಗೂಬೆ ಪತ್ರ ತರುವ ಮೊದಲು

ಹ್ಯಾರಿ ಪಾಟರ್ ಲೋಕದ ಮಕ್ಕಳು ಹಾಗ್ವರ್ಟ್ಸ್ ಶಾಲೆ ಸೇರುವುದು ಹನ್ನೊಂದನೆಯ ವಯಸ್ಸಿಗೆ. ಅಲ್ಲಿಯವರೆಗೆ ಅವರಿಗೆ ಅಕ್ಷರ ತಿದ್ದಿಸುವವರು ಯಾರು? ಮಗ್ಗಿ ಹೇಳಿಕೊಡುವವರು ಯಾರು?

ನಮ್ಮ ಕಡೆ ರಾತ್ರಿ ಹೊತ್ತು ಮನೆಯ ಮೇಲೆ ಕೂತು ಗೂಬೆ ಕೂಗಿದರೆ ಅಜ್ಜಿಯಂದಿರಿಗೆ ಸಮಾಧಾನವಿರುವುದಿಲ್ಲ. ಹ್ಯಾರಿ ಪಾಟರ್ ಕಥೆಗಳ ಲೋಕದಲ್ಲಿ ಮಾತ್ರ ಗೂಬೆ ಬರಲಿ ಎಂದೇ ಮಕ್ಕಳು ಕಾಯುತ್ತಾರೆ. ಹನ್ನೊಂದು ತುಂಬುವ ಹೊತ್ತಿಗೆ ಗೂಬೆಯೊಂದು ದಪ್ಪ ಲಕೋಟೆಯನ್ನು ತಂದು ಹಾಕುತ್ತದೆ. ಮೇಲೆ ಹಸಿರು ಶಾಯಿಯಲ್ಲಿ ವಿಳಾಸ, ಒಳಗೆ ಹಾಗ್ವರ್ಟ್ಸ್ ಮಾಂತ್ರಿಕ ಶಾಲೆಯ ಪ್ರವೇಶಪತ್ರ. ಕೊಳ್ಳಬೇಕಾದ ಪುಸ್ತಕಗಳ ಪಟ್ಟಿ, ಒಂದು ಮಂತ್ರದಂಡ, ಒಂದು ಕಡಾಯಿ. ಸೆಪ್ಟೆಂಬರ್ 1ಕ್ಕೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ರೈಲು. ಅಲ್ಲಿಂದ ಮುಂದಿನ ಏಳು ವರ್ಷದ ಕಥೆ ಲಕ್ಷಾಂತರ ಓದುಗರಿಗೆ ಬಾಯಿಪಾಠ.

ಆದರೆ ಅದಕ್ಕೂ ಹಿಂದಿನ ಹತ್ತು ವರ್ಷ? ಪುಸ್ತಕ ಓದುತ್ತಾ ಕೂತ ಮಕ್ಕಳು ಅಪ್ಪ ಅಮ್ಮಂದಿರನ್ನು ಕೇಳುವ ಪ್ರಶ್ನೆ ಇದು: “ರಾನ್ ಒಂದನೇ ಕ್ಲಾಸ್ ಎಲ್ಲಿ ಓದಿದ?”

ಪ್ರಶ್ನೆ ಸಣ್ಣದಲ್ಲ. ಹಾಗ್ವರ್ಟ್ಸ್‌ನ ವೇಳಾಪಟ್ಟಿ ನೋಡಿ. ಮೊದಲ ವರ್ಷದ ಮಕ್ಕಳಿಗೆ ಮಂತ್ರ, ರೂಪಾಂತರ, ಮದ್ದು ಅರೆಯುವುದು, ಗಿಡಮೂಲಿಕೆ, ಖಗೋಳ, ಮಾಂತ್ರಿಕರ ಇತಿಹಾಸ, ದುಷ್ಟವಿದ್ಯೆಯಿಂದ ರಕ್ಷಣೆ ಎಂಬ ಪಾಠಗಳಿವೆ. ಭಾಷೆಯ ತರಗತಿ ಇಲ್ಲ, ಕೂಡುವ ಕಳೆಯುವ ಲೆಕ್ಕದ ತರಗತಿಯೂ ಇಲ್ಲ. ಆದರೂ ಅದೇ ಮಕ್ಕಳು ಮಾರುದ್ದದ ಸುರುಳಿಗಳಲ್ಲಿ ಪ್ರಬಂಧ ಬರೆಯುತ್ತಾರೆ. ಮದ್ದಿನ ಪದಾರ್ಥಗಳನ್ನು ಅಳೆದು ತೂಗುತ್ತಾರೆ. ಅವರ ನಾಣ್ಯಪದ್ಧತಿಯಂತೂ ಇನ್ನೂ ಕಗ್ಗಂಟು. ಇಪ್ಪತ್ತೊಂಬತ್ತು ನಟ್‌ಗೆ ಒಂದು ಸಿಕಲ್, ಹದಿನೇಳು ಸಿಕಲ್‌ಗೆ ಒಂದು ಗ್ಯಾಲಿಯನ್. ಹತ್ತರ ಲೆಕ್ಕವೂ ಅಲ್ಲ, ನೂರರ ಲೆಕ್ಕವೂ ಅಲ್ಲ. ಹದಿನೇಳರ ಮಗ್ಗಿ ಬಾರದ ಹುಡುಗ ಅಲ್ಲಿ ಮಿಠಾಯಿ ಕೊಳ್ಳುವುದೂ ಕಷ್ಟ. ಅಂದಮೇಲೆ ಇದನ್ನೆಲ್ಲ ಯಾರೋ, ಎಲ್ಲಿಯೋ ಕಲಿಸಿಯೇ ಕಳಿಸಿರಬೇಕು.

ಪ್ರಾಥಮಿಕ ಶಾಲೆಯೇ ಇಲ್ಲ

ಉತ್ತರವನ್ನು ಲೇಖಕಿ ಜೆ.ಕೆ. ರೌಲಿಂಗ್ ಅವರೇ ಹಿಂದೆ ತಮ್ಮ ವೆಬ್‌ಸೈಟ್‌ನಲ್ಲಿ ಕೊಟ್ಟಿದ್ದಾರೆ. ಬ್ರಿಟನ್ನಿನ ಮಾಂತ್ರಿಕರಿಗೆ ಪ್ರಾಥಮಿಕ ಶಾಲೆಯೆಂಬುದೇ ಇಲ್ಲ. ಮಕ್ಕಳು ಒಂದೋ ಮಗಲ್‌ಗಳ, ಎಂದರೆ ಮಾಂತ್ರಿಕರಲ್ಲದ ನಮ್ಮಂಥ ಸಾಮಾನ್ಯರ ಶಾಲೆಗೆ ಹೋಗುತ್ತಾರೆ, ಇಲ್ಲವೇ ಮನೆಯಲ್ಲೇ ಕಲಿಯುತ್ತಾರೆ. ಹ್ಯಾರಿಯ ಗೆಳೆಯ ರಾನ್ ಮತ್ತು ಅವನ ಅಣ್ಣತಮ್ಮಂದಿರಿಗೆ, ತಂಗಿಗೆ ಪಾಠ ಹೇಳಿದ್ದು ಅವರಮ್ಮ ಮೋಲಿ ವೀಸ್ಲಿ.

ಹಾಗ್ವರ್ಟ್ಸ್‌ ಕೂಡ ಮೊದಲಿನಿಂದ ಕಡ್ಡಾಯವಾಗಿರಲಿಲ್ಲ ಎಂಬುದು ಬಹಳ ಜನರ ಗಮನಕ್ಕೆ ಬಂದಿರಲಾರದು. 2007ರಲ್ಲಿ ಬಂದ ಏಳನೆಯ ಪುಸ್ತಕದಲ್ಲಿ ದುಷ್ಟ ವೋಲ್ಡೆಮಾರ್ಟ್‌ನ ಕಡೆಯವರು ಸರ್ಕಾರವನ್ನು ಕೈವಶ ಮಾಡಿಕೊಂಡ ಮೇಲೆ ಪ್ರತಿ ಮಾಂತ್ರಿಕ ಮಗುವೂ ಹಾಗ್ವರ್ಟ್ಸ್‌ಗೇ ಬರಬೇಕೆಂಬ ಆಜ್ಞೆ ಹೊರಡುತ್ತದೆ. ಅದುವರೆಗೆ ಮಕ್ಕಳನ್ನು ಮನೆಯಲ್ಲೇ ಓದಿಸುವ, ಬೇಕಾದರೆ ಹೊರದೇಶಕ್ಕೆ ಕಳಿಸುವ ಹಕ್ಕು ತಂದೆತಾಯಿಗೆ ಇತ್ತು ಎಂದು ಲೂಪಿನ್ ಮೇಷ್ಟ್ರು ಹ್ಯಾರಿಗೆ ವಿವರಿಸುತ್ತಾರೆ. ಎಳೆಯ ಮಕ್ಕಳೆಲ್ಲ ತಮ್ಮ ಕಣ್ಣಳತೆಯಲ್ಲೇ ಇರಲಿ ಎಂಬುದು ಆ ಆಜ್ಞೆಯ ಹಿಂದಿನ ಹುನ್ನಾರ.

ಇದು ಲೇಖಕಿ ಗಾಳಿಯಲ್ಲಿ ಹುಟ್ಟಿಸಿದ ಪದ್ಧತಿಯಲ್ಲ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆಯ ಕಾಲದಿಂದಲೂ ಮಗುವಿಗೆ ಅದರ ವಯಸ್ಸಿಗೆ, ಶಕ್ತಿಗೆ ತಕ್ಕ ಶಿಕ್ಷಣ ಕೊಡಿಸುವುದು ತಂದೆತಾಯಿಯ ಕರ್ತವ್ಯ. ಅದು ಶಾಲೆಯ ಮೂಲಕವೇ ಆಗಬೇಕೆಂದಿಲ್ಲ, ಬೇರೆ ರೀತಿಯಲ್ಲೂ ಆಗಬಹುದು. ಅಂದರೆ ಅಲ್ಲಿ ಶಿಕ್ಷಣ ಕಡ್ಡಾಯ, ಶಾಲೆ ಕಡ್ಡಾಯವಲ್ಲ. ಇಂದಿಗೂ ಅಲ್ಲಿ ಮನೆಯಲ್ಲೇ ಮಕ್ಕಳನ್ನು ಓದಿಸುವವರು ಇದ್ದಾರೆ.

ಹನ್ನೊಂದು ಎಂಬ ವಯಸ್ಸಿಗೂ ಅಲ್ಲಿನ ಶಾಲಾ ಪದ್ಧತಿಯೇ ಆಧಾರ. ಇಂಗ್ಲೆಂಡಿನ ಮಕ್ಕಳು ಪ್ರಾಥಮಿಕ ಶಾಲೆ ಮುಗಿಸಿ ದೊಡ್ಡ ಶಾಲೆಗೆ ಕಾಲಿಡುವುದು ಹನ್ನೊಂದಕ್ಕೆ. ವಸತಿಶಾಲೆಯ ಕಥೆಗಳೂ ಅವರಿಗೆ ಹಳೆಯ ಪರಿಚಯ. ಥಾಮಸ್ ಹ್ಯೂಸ್ ಬರೆದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ 1857ರಷ್ಟು ಹಿಂದಿನದು. ಆ ಮೇಲೆ ಎನಿಡ್ ಬ್ಲೈಟನ್‌ರ ‘ಮ್ಯಾಲರಿ ಟವರ್ಸ್’ ಸರಣಿ ಬಂತು. ರೌಲಿಂಗ್ ಸ್ವತಃ ಪೋರ್ಚುಗಲ್‌ನಲ್ಲಿ ಇಂಗ್ಲಿಷ್ ಕಲಿಸಿದವರು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಶಿಕ್ಷಕಿಯ ತರಬೇತಿ ಪಡೆದವರು. ಶಾಲೆ ಎಂದರೇನು, ಶಾಲೆಗೆ ಬರುವ ಮಗು ಮನೆಯಿಂದ ಏನೇನು ಹೊತ್ತು ತರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರು.

ವೀಸ್ಲಿಯವರ ಮನೆ

ಮಾಂತ್ರಿಕ ಮಗುವಿನ ಬಾಲ್ಯ ಹೇಗಿರುತ್ತದೆಂದು ತಿಳಿಯಬೇಕಾದರೆ ವೀಸ್ಲಿಯವರ ಮನೆಗೇ ಹೋಗಬೇಕು. ಆರು ಗಂಡು, ಒಂದು ಹೆಣ್ಣು, ಒಟ್ಟು ಏಳು ಮಕ್ಕಳು. ಅಪ್ಪ ಆರ್ಥರ್ ಮಾಂತ್ರಿಕ ಸರ್ಕಾರದಲ್ಲಿ ಸಣ್ಣ ಸಂಬಳದ ನೌಕರ. ಅಣ್ಣನ ಬಟ್ಟೆ ತಮ್ಮನಿಗೆ, ಮತ್ತೊಬ್ಬ ಅಣ್ಣನ ಹಳೆಯ ಮಂತ್ರದಂಡವೂ ತಮ್ಮನಿಗೇ. ಒಂದರ ಮೇಲೊಂದು ಕೋಣೆ ಕಟ್ಟುತ್ತಾ ಹೋದ ಆ ಮನೆ ನಿಂತಿರುವುದೇ ಮಂತ್ರದ ಬಲದಿಂದ ಎಂಬಂತಿದೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಮುಳ್ಳು, ಮನೆಯ ಒಬ್ಬೊಬ್ಬರಿಗೂ ಒಂದೊಂದು. ಅದು ಗಂಟೆ ತೋರಿಸುವುದಿಲ್ಲ. ಯಾರು ಮನೆಯಲ್ಲಿದ್ದಾರೆ, ಯಾರು ಶಾಲೆಯಲ್ಲಿದ್ದಾರೆ, ಯಾರು ಅಪಾಯದಲ್ಲಿದ್ದಾರೆ ಎಂದು ತೋರಿಸುತ್ತದೆ.

ಈ ಮನೆಯಲ್ಲಿ ಕೆಲಸವೂ ಪಾಠವೇ. ತೋಟಕ್ಕೆ ನುಗ್ಗುವ ಗಿಡ್ಡ ಪಿಶಾಚಿಗಳನ್ನು ಕಾಲು ಹಿಡಿದು ಗಿರಗಿರನೆ ತಿರುಗಿಸಿ ಬೇಲಿಯಾಚೆ ಎಸೆಯುವುದು ಮಕ್ಕಳ ಪಾಲಿನ ಕೆಲಸ. ತಲೆ ತಿರುಗಿದ ಅವು ಬಿಲದ ದಾರಿ ಮರೆಯುತ್ತವಂತೆ. ಆದರೂ ನಾಲ್ಕು ದಿನಕ್ಕೆ ಮತ್ತೆ ಹಾಜರು. ನಮ್ಮಲ್ಲಿ ಗದ್ದೆಯ ಕಳೆ ಕಿತ್ತಂತೆ ಅದು ಮುಗಿಯದ ಕೆಲಸ.

ಆಟವೂ ಪಾಠವೇ. ಎಳೆಯ ಮಕ್ಕಳಿಗೆಂದೇ ಆಟದ ಪೊರಕೆಗಳಿವೆ. ನಾಲ್ಕನೆಯ ಪುಸ್ತಕದಲ್ಲಿ ಕ್ವಿಡಿಚ್ ವಿಶ್ವಕಪ್ ನೋಡಲು ಬಂದವರು ಬಯಲಿನಲ್ಲಿ ಡೇರೆ ಹಾಕಿರುತ್ತಾರೆ. ಬೆಳಗಿನ ಹೊತ್ತು ಅಲ್ಲಿ ಇಬ್ಬರು ಪುಟ್ಟ ಹುಡುಗಿಯರು ಇಂಥ ಪೊರಕೆ ಏರಿ ಆಡುತ್ತಿರುತ್ತಾರೆ. ಅವು ಏರುವುದು ಎಷ್ಟು ಎತ್ತರ? ಹುಡುಗಿಯರ ಕಾಲ್ಬೆರಳು ಇಬ್ಬನಿಯ ಹುಲ್ಲನ್ನು ಸವರುವಷ್ಟೇ. ಬಿದ್ದರೂ ಮೊಣಕಾಲು ತರಚದು. ಹ್ಯಾರಿಯ ಮೊದಲ ಹುಟ್ಟುಹಬ್ಬಕ್ಕೆ ಅವನ ಅಪ್ಪನ ಗೆಳೆಯ ಸಿರಿಯಸ್ ಕೊಟ್ಟ ಉಡುಗೊರೆಯೂ ಇಂಥದೇ ಪೊರಕೆ. ಮೂರು ಗಾಲಿ ಸೈಕಲ್ಲು ಕೊಟ್ಟು ಮಗುವಿಗೆ ಸಮತೋಲ ಕಲಿಸುವ ನಮ್ಮ ಉಪಾಯಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಇನ್ನು ಕೇಳದೆ ಕಲಿಯುವ ಪಾಠ. ರಾನ್‌ನ ತಂಗಿ ಜಿನ್ನಿಗೆ ಅಣ್ಣಂದಿರು ಪೊರಕೆ ಮುಟ್ಟಗೊಡುತ್ತಿರಲಿಲ್ಲ. ಆರು ವರ್ಷದ ಅವಳು ತೋಟದ ಶೆಡ್ಡಿಗೆ ಕಳ್ಳಹೆಜ್ಜೆಯಲ್ಲಿ ನುಗ್ಗಿ, ಯಾರೂ ನೋಡದಾಗ ಒಬ್ಬೊಬ್ಬರ ಪೊರಕೆಯನ್ನೂ ಸರದಿಯಂತೆ ತೆಗೆದು ಹಾರುತ್ತಿದ್ದಳು. ಮುಂದೆ ಅವಳು ಶಾಲಾ ತಂಡದಲ್ಲಿ ಮಿಂಚಿದಾಗ ಅಣ್ಣಂದಿರಿಗೇ ಆಶ್ಚರ್ಯ.

ಮನೆಯಲ್ಲಿ ಪೆಟ್ಟೂ ಬೀಳುತ್ತದೆ, ಅದೂ ನೆನಪಿನಲ್ಲಿ ಉಳಿಯುತ್ತದೆ. ಮೂರು ವರ್ಷದ ರಾನ್ ಅಣ್ಣ ಫ್ರೆಡ್‌ನ ಆಟದ ಪೊರಕೆ ಮುರಿದ. ಸಿಟ್ಟಿಗೆದ್ದ ಫ್ರೆಡ್, ರಾನ್ ಅಪ್ಪಿಕೊಂಡಿದ್ದ ಕರಡಿ ಗೊಂಬೆಯನ್ನೇ ದೊಡ್ಡ ಜೇಡವಾಗಿಸಿದ. ಫ್ರೆಡ್‌ಗೆ ಅದು ಒಂದು ನಿಮಿಷದ ಸಿಟ್ಟು. ರಾನ್ ದೊಡ್ಡವನಾದ ಮೇಲೂ ಜೇಡ ಕಂಡರೆ ಬಿಳಿಚಿಕೊಳ್ಳುತ್ತಾನೆ.

ತಾನಾಗಿ ಉಕ್ಕುವ ಶಕ್ತಿ

ಫ್ರೆಡ್‌ಗೆ ಆಗ ವಯಸ್ಸು ಐದರ ಆಸುಪಾಸು. ಕೈಯಲ್ಲಿ ಸ್ವಂತ ಮಂತ್ರದಂಡವಿಲ್ಲ, ಕಲಿತ ವಿದ್ಯೆಯಿಲ್ಲ. ಮತ್ತೆ ಗೊಂಬೆ ಜೇಡವಾದದ್ದು ಹೇಗೆ? ಈ ಲೋಕದ ಎಳೆಯ ಮಕ್ಕಳ ಗುಟ್ಟು ಇರುವುದೇ ಇಲ್ಲಿ. ಅವರೊಳಗಿನ ಶಕ್ತಿ ಹೊರಬರಲು ಮಂತ್ರ ಬೇಕಿಲ್ಲ. ಭಯ, ಸಿಟ್ಟು, ಅವಮಾನ, ಸಂತೋಷ ಯಾವುದಾದರೊಂದು ಒಳಗೆ ತುಂಬಿ ಬಂದರೆ ಹಾಲು ಉಕ್ಕಿದಂತೆ ಶಕ್ತಿಯೂ ಉಕ್ಕುತ್ತದೆ.

ಹ್ಯಾರಿಯ ಚಿಕ್ಕಂದಿನ ಘಟನೆಗಳೆಲ್ಲ ಹೀಗೆಯೇ. ದೊಡ್ಡಮ್ಮ ಪೆಟೂನಿಯಾ ಅಡುಗೆಮನೆಯ ಕತ್ತರಿ ಹಿಡಿದು ಅವನ ಕೂದಲನ್ನು ಬೋಳು ಎನ್ನುವಷ್ಟು ಕತ್ತರಿಸಿದಳು. ಮರುದಿನ ಶಾಲೆಯಲ್ಲಿ ಎಲ್ಲರೂ ನಗುತ್ತಾರೆಂದು ರಾತ್ರಿಯಿಡೀ ಕೊರಗಿದ. ಬೆಳಗ್ಗೆ ಎದ್ದರೆ ಕೂದಲು ಮೊದಲಿನಷ್ಟೇ ಬೆಳೆದಿತ್ತು. ಇನ್ನೊಮ್ಮೆ ಡಡ್ಲಿಯ ಪುಂಡರ ಗುಂಪು ಅಟ್ಟಿಸಿಕೊಂಡು ಬಂದಾಗ ಕಸದ ಡಬ್ಬಿಯ ಹಿಂದೆ ಅಡಗಲೆಂದು ಜಿಗಿದವನು ಶಾಲೆಯ ಅಡುಗೆಮನೆಯ ಚಾವಣಿಯ ಮೇಲಿದ್ದ.

ಈ ಕಾರಣಕ್ಕೇ ಮಾಂತ್ರಿಕರ ಕಾನೂನು ಎಳೆಯರ ವಿಷಯದಲ್ಲಿ ಮೃದು. ಹದಿನೇಳು ತುಂಬದವರು ಶಾಲೆಯ ಹೊರಗೆ ಮಂತ್ರ ಪ್ರಯೋಗಿಸಬಾರದೆಂಬ ಕಟ್ಟಳೆ ಆ ಲೋಕದಲ್ಲಿ 1875ರಿಂದ ಇದೆ. ಆದರೆ ಮಂತ್ರದಂಡ ಕೈಗೆ ಬರದ ಚಿಕ್ಕ ಮಕ್ಕಳು ತಮ್ಮನ್ನು ತಾವು ತಡೆದುಕೊಳ್ಳಲಾರರು, ಅವರನ್ನು ಯಾರೂ ಶಿಕ್ಷಿಸುವುದಿಲ್ಲ. ಹನ್ನೊಂದಾಗಿ ಕಲಿಕೆ ಶುರುವಾದ ಮೇಲಷ್ಟೇ ಎಚ್ಚರದಿಂದಿರಬೇಕು. ಇದನ್ನು ಬಾಲಕ ಸ್ನೇಪ್ ತನ್ನ ಗೆಳತಿ ಲಿಲಿಗೆ ತಿಳಿಸಿ ಹೇಳುವ ಸಂದರ್ಭವೊಂದು ಏಳನೆಯ ಪುಸ್ತಕದಲ್ಲಿ ಬರುತ್ತದೆ. ಬುದ್ಧಿ ಬರುವ ಮುಂಚೆ ಆದದ್ದು ತಪ್ಪಲ್ಲ, ಬುದ್ಧಿ ಬಂದ ಮೇಲೆ ಹೊಣೆ ನಿನ್ನದು ಎಂಬ ನ್ಯಾಯ ಅದು.

ಹಾಗೆಂದು ಮಂತ್ರದಂಡವನ್ನು ಮಗುವಿನ ಕೈಗೆ ಸಿಗದಂತೆ ಇಡಬೇಕಾದದ್ದು ದೊಡ್ಡವರ ಕೆಲಸ. ವಿಶ್ವಕಪ್ಪಿನ ಅದೇ ಬಯಲಿನಲ್ಲಿ ಎರಡು ವರ್ಷದ ಪೋರ ಕೆವಿನ್ ಅಪ್ಪನ ಮಂತ್ರದಂಡ ಹಿಡಿದು, ಹುಲ್ಲಿನಲ್ಲಿದ್ದ ಚಿಪ್ಪಿಲ್ಲದ ಬಸವನಹುಳುವನ್ನು ಚುಚ್ಚುತ್ತಾ ಕೂತಿರುತ್ತಾನೆ. ಹುಳು ಊದುತ್ತಾ ಊದುತ್ತಾ ಹೋಗುತ್ತದೆ. ಡೇರೆಯಿಂದ ಓಡಿಬಂದ ಅಮ್ಮ, ಅಪ್ಪನ ದಂಡ ಮುಟ್ಟಬೇಡವೆಂದು ಎಷ್ಟು ಸಲ ಹೇಳಬೇಕೆಂದು ಗದರಿಸುವ ಗಡಿಬಿಡಿಯಲ್ಲಿ ಆ ಹುಳುವಿನ ಮೇಲೇ ಕಾಲಿಡುತ್ತಾಳೆ. ಪೋರನ ಅಳು ಬಯಲಿಗೆಲ್ಲ ಕೇಳಿಸುತ್ತದೆ. ಅಪ್ಪನ ಮೊಬೈಲು ಕೆಳಗಿಡು ಎಂದು ದಿನಕ್ಕೆ ಹತ್ತು ಸಲ ಹೇಳುವ ಮನೆಗಳಿಗೆ ಈ ದೃಶ್ಯ ಹೊಸದಲ್ಲ.

ಐದು ಮಕ್ಕಳು, ಐದು ದಾರಿ

ಶಕ್ತಿ ಉಕ್ಕುವುದು ಎಲ್ಲ ಮಕ್ಕಳಿಗೂ ಸಾಮಾನ್ಯ. ಆ ಗಳಿಗೆಯಲ್ಲಿ ಪಕ್ಕದಲ್ಲಿದ್ದವರು ಏನು ಮಾಡಿದರು ಎಂಬುದರಲ್ಲಿ ವ್ಯತ್ಯಾಸ. ಏಳೂ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಐದು ಮಕ್ಕಳ ಬಾಲ್ಯ ಕಣ್ಣಿಗೆ ಕಟ್ಟುತ್ತದೆ.

ಮೊದಲನೆಯವನು ಹ್ಯಾರಿ. ಕೂದಲು ಬೆಳೆದದ್ದಕ್ಕೆ ಅವನಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕತ್ತಲೆಯ ಗೂಡಿನಲ್ಲಿ ವಾರದ ಶಿಕ್ಷೆ. ಏನಾಯಿತೆಂದು ಅವನಿಗೂ ಗೊತ್ತಿಲ್ಲ, ಕೇಳುವಂತೆಯೂ ಇಲ್ಲ. ಆ ಮನೆಯಲ್ಲಿ ಪ್ರಶ್ನೆ ಕೇಳುವುದೇ ನಿಷಿದ್ಧ. ಹತ್ತು ವರ್ಷ ಅವನು ತನ್ನಲ್ಲೇ ಏನೋ ದೋಷವಿದೆ ಎಂದುಕೊಂಡು ಬೆಳೆದ.

ಎರಡನೆಯವನು ನೆವಿಲ್ ಲಾಂಗ್‌ಬಾಟಮ್. ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗ. ಎಂಟು ವರ್ಷವಾದರೂ ಮಂತ್ರಶಕ್ತಿಯ ಸುಳಿವಿಲ್ಲ. ಮನೆಯವರಿಗೆ ಆತಂಕ. ಹೇಗಾದರೂ ಮಾಡಿ ಶಕ್ತಿಯನ್ನು ಹೊರಗೆಳೆಯಬೇಕೆಂದು ಅಲ್ಜಿ ತಾತ ಅವನನ್ನು ಬ್ಲ್ಯಾಕ್‌ಪೂಲಿನ ಕಡಲಕಟ್ಟೆಯಿಂದ ನೀರಿಗೆ ತಳ್ಳಿದ, ಹುಡುಗ ಮುಳುಗುವುದರಲ್ಲಿದ್ದ. ಮತ್ತೊಂದು ದಿನ ಮಹಡಿಯ ಕಿಟಕಿಯಿಂದ ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸುತ್ತಿದ್ದಾಗ ಯಾರೋ ತಿಂಡಿ ಕೊಡಲು ಬಂದರು, ತಾತ ಕೈಬಿಟ್ಟ. ನೆವಿಲ್ ಚೆಂಡಿನಂತೆ ಪುಟಿಯುತ್ತಾ ತೋಟ ದಾಟಿ ರಸ್ತೆಗೆ ಹೋದ. ಮೊಮ್ಮಗನಿಗೆ ಶಕ್ತಿಯಿದೆಯೆಂದು ಅಜ್ಜಿ ಆನಂದದಿಂದ ಅತ್ತಳು, ತಾತ ಒಂದು ಕಪ್ಪೆ ಕೊಡಿಸಿದ. ಓದುವಾಗ ನಗು ಬರುತ್ತದೆ. ಆದರೆ ಶಾಲೆಗೆ ಬಂದ ನೆವಿಲ್‌ನನ್ನು ನೋಡಿ: ಮರೆವು, ನಡುಕ, ತಾನು ಯಾವುದಕ್ಕೂ ಲಾಯಕ್ಕಿಲ್ಲ ಎಂಬ ನಂಬಿಕೆ. ಅಪ್ಪನ ಹಳೆಯ ಮಂತ್ರದಂಡವನ್ನೇ ಅವನ ಕೈಗೆ ಕೊಟ್ಟಿದ್ದರು, ಅಪ್ಪನಂತೆಯೇ ಆಗಬೇಕೆಂಬ ಒತ್ತಾಯದ ಜೊತೆಗೆ. ಅವನು ಅರಳತೊಡಗಿದ್ದು ಗಿಡಮೂಲಿಕೆಯ ತರಗತಿಯಲ್ಲಿ, ಆಮೇಲೆ ಬೈಯದೆ ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಗೆಳೆಯರ ನಡುವೆ. ಕಡೆಗೆ ಅದೇ ಶಾಲೆಯಲ್ಲಿ ಗಿಡಮೂಲಿಕೆಯ ಮೇಷ್ಟ್ರಾದ.

ಮೂರನೆಯವಳು ಲಿಲಿ, ಮುಂದೆ ಹ್ಯಾರಿಯ ತಾಯಿ. ಉಯ್ಯಾಲೆಯಿಂದ ಜಿಗಿದರೆ ಗಾಳಿಯಲ್ಲಿ ತೇಲುತ್ತಾಳೆ, ಬಿದ್ದ ಹೂವನ್ನು ಅಂಗೈಯಲ್ಲಿಟ್ಟರೆ ಎಸಳು ಬಿಚ್ಚಿ ಮುಚ್ಚುತ್ತದೆ. ಅವಳ ಮನೆಯಲ್ಲಿ ಯಾರಿಗೂ ಇದು ಅರ್ಥವಾಗದು. ಆದರೆ ನೆರೆಯ ಹುಡುಗ ಸ್ನೇಪ್ ಮಾಂತ್ರಿಕ ತಾಯಿಯ ಮಗ, ಅವನಿಗೆ ಗೊತ್ತು. ನೀನು ಹುಚ್ಚಿಯಲ್ಲ, ನಿನ್ನಂಥವರು ಇದ್ದಾರೆ, ಅವರಿಗೊಂದು ಶಾಲೆಯಿದೆ ಎಂದು ಹೇಳಿದವನು ಅವನು. ಮರದ ನೆರಳಲ್ಲಿ ಕೂತು ಇಬ್ಬರು ಮಕ್ಕಳು ಆಡಿದ ಆ ಮಾತುಗಳೇ ಲಿಲಿಯ ಪ್ರಾಥಮಿಕ ಶಾಲೆ. ಅದೇ ಹೊತ್ತಿಗೆ ಶಕ್ತಿಯಿಲ್ಲದ ಅಕ್ಕ ಪೆಟೂನಿಯಾ ತನ್ನನ್ನೂ ಸೇರಿಸಿಕೊಳ್ಳಿ ಎಂದು ಹಾಗ್ವರ್ಟ್ಸ್‌ಗೆ ಗುಟ್ಟಾಗಿ ಪತ್ರ ಬರೆದು, ಇಲ್ಲವೆನಿಸಿಕೊಂಡಳು. ಆ ನೋವನ್ನು ಯಾರೂ ಕೇಳಲಿಲ್ಲ. ಅದೇ ಮುಂದೆ ಹ್ಯಾರಿಯ ಮೇಲಿನ ಕಹಿಯಾಗಿ ಹೊರಬಂತು.

ನಾಲ್ಕನೆಯವಳು ಏರಿಯಾನಾ, ಹೆಡ್‌ಮಾಸ್ಟರ್ ಡಂಬಲ್‌ಡೋರ್ ಅವರ ತಂಗಿ. ಆರು ವರ್ಷದವಳಿದ್ದಾಗ ಹಿತ್ತಲಿನಲ್ಲಿ ಏನೋ ಚಮತ್ಕಾರ ಮಾಡಿಕೊಂಡು ಆಡುತ್ತಿದ್ದುದನ್ನು ಮೂವರು ಮಗಲ್ ಹುಡುಗರು ಬೇಲಿಯ ಸಂದಿಯಿಂದ ನೋಡಿದರು. ಹೇಗೆ ಮಾಡಿದೆ, ಮತ್ತೆ ಮಾಡಿ ತೋರಿಸು ಎಂದು ಪೀಡಿಸಿದರು. ಬೇಕೆಂದಾಗ ಮಾಡಿ ತೋರಿಸುವ ವಿದ್ಯೆಯಲ್ಲ ಅದು. ಅವಳಿಂದಾಗಲಿಲ್ಲ, ಹೊಡೆದರು. ಅಂದಿನಿಂದ ಹುಡುಗಿ ತನ್ನ ಶಕ್ತಿಗೇ ಹೆದರಿದಳು. ಹೊರಗೆ ಬಿಡಲೊಲ್ಲಳು, ಒಳಗೆ ಇಟ್ಟುಕೊಳ್ಳಲಾರಳು. ಮನೆಯವರು ಅವಳನ್ನು ಊರಿಗೆ ಕಾಣದಂತೆ ಬಚ್ಚಿಟ್ಟರು. ಅವಳನ್ನು ಸಮಾಧಾನಪಡಿಸಬಲ್ಲವನು ಒಬ್ಬನೇ, ಜಾಣನೆಂದು ಹೆಸರಾದ ದೊಡ್ಡಣ್ಣನಲ್ಲ, ಓದಿನಲ್ಲಿ ಹಿಂದಿದ್ದ ಕಿರಿಯಣ್ಣ ಆಬರ್‌ಫೋರ್ತ್. ಅವನು ಕೂತು ಉಣ್ಣಿಸುತ್ತಿದ್ದ, ಆಡುಗಳಿಗೆ ಮೇವು ಹಾಕಲು ಜೊತೆಗೆ ಕರೆದೊಯ್ಯುತ್ತಿದ್ದ. 2016ರಲ್ಲಿ ಬಂದ ‘ಫೆಂಟಾಸ್ಟಿಕ್ ಬೀಸ್ಟ್ಸ್’ ಚಲನಚಿತ್ರ ಇದೇ ಎಳೆಯನ್ನು ಮುಂದಕ್ಕೆ ಒಯ್ಯುತ್ತದೆ. ಶಿಕ್ಷೆಯ ಭಯದಿಂದ ಶಕ್ತಿಯನ್ನು ಅದುಮಿಟ್ಟ ಮಗುವಿನೊಳಗೆ ಅದೇ ಶಕ್ತಿ ಕಪ್ಪು ಬಿರುಗಾಳಿಯಾಗಿ ಎಲ್ಲವನ್ನೂ ನಾಶಮಾಡುತ್ತದೆ ಎನ್ನುತ್ತದೆ ಆ ಕಥೆ.

ಐದನೆಯವನು ಟಾಮ್ ರಿಡಲ್. ಲಂಡನ್ನಿನ ಅನಾಥಾಲಯದಲ್ಲಿ ಹುಟ್ಟಿ ಬೆಳೆದವನು. ಅವನಿಗೆ ಶಕ್ತಿ ಯಾರೂ ಹೇಳಿಕೊಡದೆ ಒಲಿದಿತ್ತು. ಪ್ರಾಣಿಗಳಿಂದ ಹೇಳಿದ್ದನ್ನು ಮಾಡಿಸುತ್ತಿದ್ದ, ಬೇಡದವರಿಗೆ ನೋವು ಕೊಡುತ್ತಿದ್ದ. ಇತರ ಮಕ್ಕಳಿಂದ ಕಿತ್ತುಕೊಂಡ ವಸ್ತುಗಳನ್ನು ಕಪಾಟಿನಲ್ಲಿ ಬಚ್ಚಿಟ್ಟಿದ್ದ. ಡಂಬಲ್‌ಡೋರ್ ಅವನನ್ನು ನೋಡಲು ಬಂದಾಗ ಅವನಿಗೆ ಹನ್ನೊಂದು. ಕದ್ದದ್ದನ್ನೆಲ್ಲ ಹಿಂತಿರುಗಿಸಿ ಕ್ಷಮೆ ಕೇಳಬೇಕೆಂದು ಅವರು ಹೇಳಿದರು. ಅವನ ಬದುಕಿನಲ್ಲಿ ಅಂಥ ಮಾತು ಹೇಳಿದ ಮೊದಲ ಮಾಂತ್ರಿಕ ಅವರೇ. ಆದರೆ ಹೊತ್ತು ಮೀರಿತ್ತು. ಈ ಟಾಮ್ ರಿಡಲ್‌ನೇ ಮುಂದೆ ವೋಲ್ಡೆಮಾರ್ಟ್ ಆದ.

ಹ್ಯಾರಿಗೂ ಟಾಮ್‌ಗೂ ಒಂದೇ ಬಗೆಯ ತಬ್ಬಲಿತನ. ಒಬ್ಬ ಹಾಗಾದ, ಇನ್ನೊಬ್ಬ ಹೀಗಾದ. ಬಾಲ್ಯವೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆಂದು ಪುಸ್ತಕ ಹೇಳುವುದಿಲ್ಲ, ನಮ್ಮ ಆಯ್ಕೆಯೇ ನಮ್ಮನ್ನು ರೂಪಿಸುವುದೆಂದು ಹೇಳುತ್ತದೆ. ಆದರೂ ಒಂದು ಮಾತು ಐವರಲ್ಲೂ ನಿಜ. ಮಗುವಿಗೆ ಮೊದಲು ಬೇಕಾದದ್ದು ಮಂತ್ರ ಕಲಿಸುವವರಲ್ಲ, ನಿನಗೇನಾಯಿತು ಎಂದು ಕೇಳುವವರು.

ಕಥೆಯೇ ಪಠ್ಯ

ಒಳ್ಳೆಯದು ಕೆಟ್ಟದ್ದನ್ನು ಮಾಂತ್ರಿಕರು ಹೇಳಿಕೊಡುವುದು ನಾವು ಹೇಳಿಕೊಡುವ ರೀತಿಯಲ್ಲೇ, ಮಲಗುವ ಹೊತ್ತಿನ ಕಥೆಯಲ್ಲಿ. ನಮ್ಮಲ್ಲಿ ಪುಣ್ಯಕೋಟಿ, ಪಂಚತಂತ್ರ ಇದ್ದ ಹಾಗೆ ಅಲ್ಲಿ ಬೀಡಲ್ ಎಂಬ ಕವಿಯ ಕಥೆಗಳು. ಏಳನೆಯ ಪುಸ್ತಕದಲ್ಲಿ ಈ ಹೆಸರು ಕೇಳಿ ಹ್ಯಾರಿ, ಹರ್ಮಾಯ್ನಿ ಇಬ್ಬರೂ ಕಣ್ಣು ಬಿಡುತ್ತಾರೆ, ಅವರು ಬೆಳೆದದ್ದು ಮಗಲ್‌ಗಳ ನಡುವೆ. ರಾನ್‌ಗೆ ಮಾತ್ರ ಅವು ಅಮ್ಮನ ಬಾಯಿಂದ ಕೇಳಿದ ಕಥೆಗಳು. ಸಾವಿನ ಕೈಯಿಂದ ತಪ್ಪಿಸಿಕೊಂಡ ಮೂವರು ಅಣ್ಣತಮ್ಮಂದಿರ ಅಂಥದೊಂದು ಕಥೆಯೇ ಇಡೀ ಕಾದಂಬರಿಯ ಕೀಲಿಕೈ.

ಈ ಕಥೆಗಳನ್ನು ರೌಲಿಂಗ್ 2008ರಲ್ಲಿ ಪ್ರತ್ಯೇಕ ಪುಸ್ತಕವಾಗಿಯೂ ತಂದರು. ಅದರ ಮೊದಲ ಕಥೆಯಲ್ಲಿ ಊರವರ ಕಷ್ಟಕ್ಕೆಲ್ಲ ಮದ್ದು ಕೊಡುತ್ತಿದ್ದ ಮುದುಕ ಮಾಂತ್ರಿಕನೊಬ್ಬ ಸಾಯುತ್ತಾನೆ. ಮಗ ಜಿಪುಣ ಮನಸ್ಸಿನವನು, ಬಾಗಿಲು ತಟ್ಟಿದವರನ್ನೆಲ್ಲ ಓಡಿಸುತ್ತಾನೆ. ಅಪ್ಪನ ಹಳೆಯ ಪಾತ್ರೆಗೆ ಒಂಟಿ ಹಿತ್ತಾಳೆ ಕಾಲು ಮೂಡಿ, ಓಡಿಸಲ್ಪಟ್ಟವರ ರೋಗ, ಹಸಿವು, ಅಳುವನ್ನೆಲ್ಲ ತನ್ನ ಮೈಮೇಲೆ ಹೊತ್ತುಕೊಂಡು ಹಗಲಿರುಳು ಮಗನ ಹಿಂದೆ ಕುಂಟುತ್ತದೆ. ಅವನು ಎದ್ದು ಹೋಗಿ ಎಲ್ಲರಿಗೂ ನೆರವಾಗುವವರೆಗೆ ಆ ಸದ್ದು ನಿಲ್ಲದು. ಶಕ್ತಿಯಿದ್ದವನಿಗೆ ಹೊಣೆಯೂ ಇದೆ ಎಂಬ ಈ ಪಾಠ ಹಾಗ್ವರ್ಟ್ಸ್‌ನ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಏಳಕ್ಕೇ ಶಾಲೆ

ಎಲ್ಲ ದೇಶಗಳಲ್ಲೂ ಹನ್ನೊಂದರವರೆಗೆ ಕಾಯುವುದಿಲ್ಲ. ಜಪಾನಿನ ದ್ವೀಪವೊಂದರ ಮೇಲಿರುವ ಮಹೌತೊಕೊರೊ ಎಂಬ ಶಾಲೆಯನ್ನು ರೌಲಿಂಗ್ ಚಿತ್ರಿಸಿದ್ದಾರೆ. ಅಲ್ಲಿ ಮಕ್ಕಳನ್ನು ಏಳಕ್ಕೇ ಸೇರಿಸಿಕೊಳ್ಳುತ್ತಾರೆ. ಆದರೆ ಹನ್ನೊಂದಾಗುವವರೆಗೆ ಯಾರೂ ಅಲ್ಲಿ ಉಳಿಯುವುದಿಲ್ಲ. ದೈತ್ಯ ಕಡಲಹಕ್ಕಿಗಳ ಬೆನ್ನೇರಿ ಬೆಳಗ್ಗೆ ಹೋಗಿ ಸಂಜೆ ಮನೆಗೆ ಮರಳುತ್ತಾರೆ. ಪಾಠ ಬೇಗ ಶುರುವಾದರೂ ರಾತ್ರಿ ಅಮ್ಮನ ಪಕ್ಕದಲ್ಲೇ ನಿದ್ದೆ.

ಸಮವಸ್ತ್ರವೂ ಸೊಗಸಾದದ್ದು. ಸೇರಿದ ದಿನ ಕೊಟ್ಟ ನಿಲುವಂಗಿ ಮಗುವಿನ ಜೊತೆಗೇ ಬೆಳೆಯುತ್ತದೆ. ತಿಳಿ ಗುಲಾಬಿಯಿಂದ ಶುರುವಾದ ಬಣ್ಣ ಕಲಿತಂತೆಲ್ಲ ಬದಲಾಗುತ್ತಾ, ಎಲ್ಲದರಲ್ಲೂ ಮೇಲುಗೈಯಾದರೆ ಚಿನ್ನದ ಬಣ್ಣವಾಗುತ್ತದೆ. ದುಷ್ಟವಿದ್ಯೆಗೆ ಕೈ ಹಾಕಿದರೆ ಬೆಳ್ಳಗಾಗುತ್ತದೆ, ಅದು ದೊಡ್ಡ ಅವಮಾನ. ಪ್ರತಿ ವರ್ಷ ಹೊಸ ಯೂನಿಫಾರಂ ಹೊಲಿಸುವ ತಾಯಂದಿರಿಗೆ ಬೆಳೆಯುವ ಅಂಗಿ ಇಷ್ಟವಾದೀತು. ಆದರೆ ಮಗುವಿನ ಅಂಕಪಟ್ಟಿಯನ್ನು ಅದರ ಮೈಮೇಲೇ ತೊಡಿಸಿ ಊರಿಗೆಲ್ಲ ತೋರಿಸಬೇಕೇ ಎಂಬುದು ಯೋಚಿಸಬೇಕಾದ ಮಾತು.

ಮನೆಪಾಠದ ಕೊರತೆ

ಮನೆಯಲ್ಲೇ ಕಲಿಸುವುದರಲ್ಲಿ ಎಲ್ಲವೂ ಒಳ್ಳೆಯದೇ ಎಂದೇನಿಲ್ಲ. ಮನೆಯಲ್ಲಿ ಇದ್ದದ್ದೇ ಮಗುವಿಗೆ ಬರುತ್ತದೆ, ಇಲ್ಲದ್ದು ಬರುವುದಿಲ್ಲ. ರಾನ್ ಮೊದಲ ಸಲ ಟೆಲಿಫೋನ್ ಹಿಡಿದಾಗ ಬಯಲಿನಾಚೆಯವರನ್ನು ಕರೆದಂತೆ ಅರಚುತ್ತಾನೆ. ಆ ತುದಿಯಲ್ಲಿದ್ದ ಹ್ಯಾರಿಯ ದೊಡ್ಡಪ್ಪ ರಿಸೀವರನ್ನು ಕಿವಿಯಿಂದ ದೂರ ಹಿಡಿಯಬೇಕಾಗುತ್ತದೆ. ಹುಟ್ಟಿನಿಂದ ಮಗಲ್‌ಗಳ ಅಕ್ಕಪಕ್ಕದಲ್ಲೇ ಇದ್ದರೂ ಅವರ ಮಕ್ಕಳೊಂದಿಗೆ ಒಂದೇ ಬೆಂಚಿನಲ್ಲಿ ಕೂತವನಲ್ಲ ಅವನು.

ಇದು ನಗುವಿನ ವಿಷಯ. ಡ್ರೇಕೋ ಮಾಲ್ಫಾಯ್ ವಿಷಯ ನಗುವಂಥದ್ದಲ್ಲ. ಮಗಲ್ ತಂದೆತಾಯಿಗೆ ಹುಟ್ಟಿದವರು ಕೀಳು ಎಂಬ ಪಾಠವನ್ನು ಅವನು ಹನ್ನೊಂದಕ್ಕೇ ಒಪ್ಪಿಸಬಲ್ಲ. ಅದನ್ನು ಯಾವ ಶಾಲೆಯೂ ಕಲಿಸಿರಲಿಲ್ಲ, ಊಟದ ಮೇಜಿನ ಮಾತುಕತೆ ಕಲಿಸಿತ್ತು. ಬೇರೆ ಬೇರೆ ಮನೆಯ ಮಕ್ಕಳು ಚಿಕ್ಕಂದಿನಲ್ಲೇ ಒಟ್ಟಿಗೆ ಕೂತು, ತಿಂಡಿ ಹಂಚಿಕೊಂಡು, ಜಗಳವಾಡಿ ರಾಜಿಯಾಗುವ ಒಂದು ಜಾಗ ಆ ಲೋಕದಲ್ಲಿ ಇದ್ದಿದ್ದರೆ ಏಳು ಪುಸ್ತಕಗಳಷ್ಟು ಉದ್ದದ ಯುದ್ಧದ ಕಥೆ ಬೇರೆಯೇ ಆಗುತ್ತಿತ್ತೇನೋ. ಊರಿನ ಸಾಮಾನ್ಯ ಪ್ರಾಥಮಿಕ ಶಾಲೆ ಅಕ್ಷರದ ಜೊತೆಗೆ ಇದನ್ನೂ ಕಲಿಸುತ್ತದೆ.

ಶಕ್ತಿಯೇ ಇಲ್ಲದೆ ಮಾಂತ್ರಿಕರ ಮನೆಯಲ್ಲಿ ಹುಟ್ಟಿದ ಮಕ್ಕಳ ಪಾಡು ಇನ್ನೂ ಕಷ್ಟ. ಅವರನ್ನು ಸ್ಕ್ವಿಬ್ ಎನ್ನುತ್ತಾರೆ. ಅವರಿಗೆ ಗೂಬೆಯ ಪತ್ರ ಬರುವುದಿಲ್ಲ. ಹಾಗ್ವರ್ಟ್ಸ್‌ನ ಸಿಡುಕು ಮೋರೆಯ ಕಾವಲುಗಾರ ಫಿಲ್ಚ್ ಇಂಥವನು. ಅವನ ಮೇಜಿನ ಮೇಲೆ ಹ್ಯಾರಿಯ ಕಣ್ಣಿಗೆ ಬಿದ್ದ ಲಕೋಟೆಯೊಳಗೆ ಏನಿತ್ತು ಗೊತ್ತೇ? ಅಂಚೆಯ ಮೂಲಕ ಮಂತ್ರ ಕಲಿಸುವ ಕ್ವಿಕ್‌ಸ್ಪೆಲ್ ಎಂಬ ಕೋರ್ಸ್. ತಲೆ ನರೆತ ಮೇಲೂ ಗುಟ್ಟಾಗಿ ಕಲಿಯಲು ಹೆಣಗುತ್ತಿದ್ದಾನೆ. ಒಂದೇ ಬಗೆಯ ಜಾಣತನಕ್ಕೆ ಬೆಲೆ ಕೊಡುವ ಲೋಕದಲ್ಲಿ ಉಳಿದವರು ಹೀಗೆ ಕಾರಿಡಾರು ಗುಡಿಸುತ್ತಾ ಕಹಿಯಾಗುತ್ತಾರೆ.

ತಡವಾದರೆ ನಷ್ಟವೇ?

ಮೊದಲ ಪುಸ್ತಕದ ರೈಲಿನಲ್ಲಿ ಹ್ಯಾರಿಗೆ ಒಂದೇ ಚಿಂತೆ. ತನಗೆ ಏನೂ ಗೊತ್ತಿಲ್ಲ, ತರಗತಿಗೇ ಕೊನೆಯವನಾಗುತ್ತೇನೆ ಎಂಬ ಅಳುಕು. ರಾನ್ ಸಮಾಧಾನ ಹೇಳುತ್ತಾನೆ: ಮಗಲ್ ಮನೆಗಳಿಂದ ಬರುವವರು ಬೇಕಾದಷ್ಟಿದ್ದಾರೆ, ಅವರೆಲ್ಲ ಬೇಗ ಕಲಿಯುತ್ತಾರೆ. ಆ ಮಾತು ನಿಜವಾಗುತ್ತದೆ. ಹತ್ತು ವರ್ಷ ಮಂತ್ರದ ಹೆಸರನ್ನೇ ಕೇಳದ, ದಂತವೈದ್ಯ ದಂಪತಿಯ ಮಗಳು ಹರ್ಮಾಯ್ನಿ ತರಗತಿಗೇ ಮೊದಲಿಗಳು. ಓದುವ ಹುಚ್ಚು, ಕೈಯೆತ್ತಿ ಕೇಳುವ ಧೈರ್ಯ ಎರಡೂ ಅವಳ ಜೊತೆ ಬಂದಿದ್ದವು. ಹುಟ್ಟಿನಿಂದ ಮಾಂತ್ರಿಕನಾದ ರಾನ್ ಅವಳ ಟಿಪ್ಪಣಿ ನೋಡಿ ಬರೆದುಕೊಳ್ಳುತ್ತಾನೆ.

ಮೂರು ತುಂಬುವ ಮುಂಚೆಯೇ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ಪಕ್ಕದ ಮನೆಯ ಮಗು ನೂರರವರೆಗೆ ಎಣಿಸುತ್ತದಂತೆ ಎಂದು ಚಡಪಡಿಸುವ ನಮ್ಮ ಕಾಲಕ್ಕೆ ಇದು ಸಮಾಧಾನದ ಮಾತು. ಅಲ್ಜಿ ತಾತನಿಗೂ ಮೊಮ್ಮಗನ ಮೇಲೆ ಪ್ರೀತಿಯಿತ್ತು. ಪ್ರೀತಿಯಿಂದಲೇ ಕಿಟಕಿಯಿಂದ ತೂಗಾಡಿಸಿದ. ಶಕ್ತಿ ಹೊರಬಂತು, ಅದರ ಜೊತೆಗೆ ಭಯವೂ ಬಂದು ವರ್ಷಗಟ್ಟಲೆ ಉಳಿಯಿತು.

ಗೂಬೆ ತನ್ನ ಹೊತ್ತಿಗೆ ಬಂದೇ ಬರುತ್ತದೆ. ಅದು ಬರುವವರೆಗೆ ಮಗುವಿಗೆ ಒಂದು ತೋಟ ಇರಲಿ, ಕಾಲ್ಬೆರಳು ಹುಲ್ಲಿಗೆ ತಾಗುವಷ್ಟೇ ಎತ್ತರಕ್ಕೆ ಹಾರುವ ಪೊರಕೆ ಇರಲಿ, ರಾತ್ರಿಗೊಂದು ಕಥೆ ಇರಲಿ. ಹಾಲು ಉಕ್ಕಿದಾಗ ಬೈಯದೆ ಒಲೆ ಸಣ್ಣ ಮಾಡುವವರೊಬ್ಬರು ಮನೆಯಲ್ಲಿರಲಿ.

ಮಕ್ಕಳೇ, ಲೆಕ್ಕ ಹಾಕಿ!

29 ನಟ್ = 1 ಸಿಕಲ್. 17 ಸಿಕಲ್ = 1 ಗ್ಯಾಲಿಯನ್.

1. ಒಂದು ಗ್ಯಾಲಿಯನ್‌ಗೆ ಎಷ್ಟು ನಟ್?
2. ಹ್ಯಾರಿಯ ಮಂತ್ರದಂಡದ ಬೆಲೆ 7 ಗ್ಯಾಲಿಯನ್. ಬರೀ ನಟ್‌ಗಳಲ್ಲೇ ಕೊಡುವುದಾದರೆ ಎಷ್ಟು ನಟ್ ಎಣಿಸಬೇಕು?
3. ರೈಲಿನಲ್ಲಿ ಹ್ಯಾರಿ ತಿಂಡಿಗೆಂದು ಕೊಟ್ಟದ್ದು 11 ಸಿಕಲ್, 7 ನಟ್. ಅವನು ಒಂದು ಗ್ಯಾಲಿಯನ್ ಕೊಟ್ಟಿದ್ದರೆ ಚಿಲ್ಲರೆ ಎಷ್ಟು ಬರಬೇಕಿತ್ತು?

ಉತ್ತರ: 1) 493 ನಟ್. 2) 3,451 ನಟ್. 3) 167 ನಟ್, ಅಂದರೆ 5 ಸಿಕಲ್, 22 ನಟ್.